ಭೀಮಾಬಾಯಿಯ ನಶ್ಯ

ಗಾಂಧಿ ಜಯಂತಿ ಮುಗಿದ ಮರುವಾರ ಭೀಮಾಬಾಯಿಯ ಮಗ ಪ್ರಭಂಜನ ತಾನು ಹೆಡ್‌ಮಾಸ್ತರನಾಗಿದ್ದ ಹೈಸ್ಕೂಲಿನ ಗೇಟಿನಿಂದ ಹಗ್ಗ ಹಿಡಿಸಿ ರಸ್ತೆಯುದ್ದಕ್ಕೂ ನೂರು ಗಜ ಅಳೆಸಿದ. ಶಾಲೆಯಿಂದ ಅಷ್ಟು ದೂರದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರಕೂಡದೆಂಬ ಕಾನೂನು ಬಂದು ನಾಲ್ಕು ವರ್ಷವಾಗಿತ್ತಾದರೂ ಹೊಸಪೇಟೆಯಲ್ಲಿ ಅದನ್ನು ಕೇಳಿದವರಿರಲಿಲ್ಲ. ಈ ಸಲ ಬಸ್‌ಸ್ಟ್ಯಾಂಡು, ಹೋಟೆಲು ಎಲ್ಲೆಂದರಲ್ಲಿ ಸೇದಿದವರಿಗೆ ಇನ್ನೂರು ರೂಪಾಯಿ ದಂಡವೆಂದು ಪೇಪರಿನಲ್ಲಿ ದೊಡ್ಡದಾಗಿ ಬಂದದ್ದೇ ತಡ, ಹೆಡ್‌ಮಾಸ್ತರನಿಗೆ ಹುರುಪು ಹುಟ್ಟಿತು. ಗೇಟಿಗೆ ಬೋರ್ಡು ಬರೆಸಿದ. ಹದಿನೆಂಟು ತುಂಬದವರ ಕೈಗೆ ತಂಬಾಕು ಕೊಡುವುದೂ ಅಪರಾಧ ಎಂಬ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಯಿಸಿದ. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಗಳ ಧೂಳಿಗೆ ಎರಡೇ ದಿನದಲ್ಲಿ ಬೋರ್ಡೆಲ್ಲ ಅದೇ ಬಣ್ಣಕ್ಕೆ ತಿರುಗಿತು. ಆಗ ಜವಾನನನ್ನು ದಿನಾ ಬೆಳಿಗ್ಗೆ ಒರೆಸಲು ಹಚ್ಚಿದ.

ಹಗ್ಗದೊಳಗೆ ಸಿಕ್ಕಿದ್ದು ಒಂದೇ ಅಂಗಡಿ. ಪಾಪಿನಾಯಕನಹಳ್ಳಿಯ ಜಂಬವ್ವನ ಡಬ್ಬಾ ಅಂಗಡಿ. ಲಾರಿ ಡ್ರೈವರುಗಳೇ ಅವಳ ಗಿರಾಕಿಗಳು. ಜಗಳ ಮಾಡಿಯಾಳು, ಯಾವನಾದರೂ ಲೀಡರನನ್ನು ಕರೆದುಕೊಂಡು ಬಂದಾಳು ಎಂದು ಪ್ರಭಂಜನ ಕಾದಿದ್ದ. ಅವಳು ಬರಲಿಲ್ಲ. ಗಂಡ ಜಡೆಪ್ಪನನ್ನೂ ನಾಲ್ಕು ಮಂದಿ ಕ್ಲೀನರುಗಳನ್ನೂ ಹಚ್ಚಿ, ಡಬ್ಬಾದ ಕೆಳಗೆ ಪೈಪು ಉರುಳಿಸುತ್ತ, ಹಗ್ಗದ ಗುರುತು ದಾಟಿಸಿ ಇನ್ನೂ ಹತ್ತು ಹೆಜ್ಜೆ ಆಚೆಗೇ ಇಟ್ಟುಕೊಂಡಳು. ಸರ್ಕಾರದ ಗಜ ತನ್ನ ಹೆಜ್ಜೆಗಿಂತ ಉದ್ದವಿದ್ದರೆ ಏನು ಮಾಡುವುದೆಂದು ಅವಳ ಲೆಕ್ಕ. ಹಾಗೆ ಸರಿದು ಬಂದ ಡಬ್ಬಾ ನಿಂತದ್ದು ಪ್ರಭಂಜನನ ಮನೆಯ ಹಿತ್ತಲ ಗೋಡೆಗೆ ನೇರ ಎದುರಾಗಿ.

ಭೀಮಾಬಾಯಿಗೆ ಅದು ದೇವರೇ ತಂದಿಟ್ಟಂತಾಯಿತು.

ಆಕೆಗೆ ಎಪ್ಪತ್ತೊಂದು. ಗಂಡ ಇದ್ದಾಗ ಮಠದಲ್ಲಿ ಪುರಾಣ ಹೇಳುತ್ತಿದ್ದವರು; ಅವರು ಓದುವಾಗ ಕಂಬದ ಮರೆಯಲ್ಲಿ ಕುಳಿತು ಕೇಳಿ ಕೇಳಿಯೇ ಈಕೆಗೆ ಸಾವಿರಾರು ದಾಸರ ಪದ ಬಾಯಿಗೆ ಬಂದಿದ್ದವು. ಮನೆಯ ಪಡಸಾಲೆಯಲ್ಲಿ ಸಂಜೆ ಹತ್ತು ಹನ್ನೆರಡು ಹೆಂಗಸರು ಸೇರಿ ಆಕೆ ಹೇಳಿಕೊಟ್ಟಂತೆ ಹಾಡುತ್ತಿದ್ದರು. ಓಣಿಯಲ್ಲಿ ಎದುರು ಬಂದವರು ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಿದ್ದರು. ಅಂಥ ಭೀಮಾಬಾಯಿ ನಶ್ಯ ಏರಿಸುತ್ತಾಳೆಂಬುದು ಯಾರಿಗೂ ತಿಳಿಯದು. ಗಂಡ ತೀರಿಕೊಂಡಾಗ ಅವರ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ನೆಗಡಿಗೆಂದು ಒಂದು ಚಿಟಿಕೆ ಎಳೆದದ್ದು, ಅದಿರಿನ ಧೂಳು ಮೂಗಿಗೆ ಕಟ್ಟಿತೆಂದು ಎರಡಾಯಿತು, ಆಮೇಲೆ ಕಾರಣ ಹುಡುಕುವುದೂ ಬಿಟ್ಟುಹೋಯಿತು. ಗಂಡಸರು ಪಡಸಾಲೆಯಲ್ಲಿ ಕೂತು ಒಬ್ಬರಿಗೊಬ್ಬರು ಡಬ್ಬಿ ಚಾಚುತ್ತಿದ್ದ ಕಾಲದಲ್ಲೂ ಹೆಂಗಸರಿಗೆ ಅದು ಹೇಳಿದ್ದಲ್ಲ. ಆದ್ದರಿಂದ ಈಕೆಯದೆಲ್ಲ ಹಿತ್ತಲಿನ ಬಾವಿಕಟ್ಟೆಯ ಹಿಂದೆ. ಮಲಪನಗುಡಿಯಿಂದ ಹಾಲು ತರುತ್ತಿದ್ದ ಮುದುಕಮ್ಮ ಹಾಲಿನ ಜೊತೆ ಪೊಟ್ಟಣವನ್ನೂ ತಂದುಕೊಡುತ್ತಿದ್ದಳು. ದಸರೆಗೆ ಅವಳು ಮಗಳ ಬಾಣಂತನಕ್ಕೆಂದು ಕಂಪ್ಲಿಗೆ ಹೋದವಳು ತಿರುಗಿ ಬರಲಿಲ್ಲ.

ಡಬ್ಬಿ ಬರಿದಾದ ದಿನ ಭೀಮಾಬಾಯಿ ಮೊಮ್ಮಗಳು ಅಪೇಕ್ಷಾಳನ್ನು ಹಿತ್ತಲಿಗೆ ಕರೆದಳು. ಹುಡುಗಿ ಎಂಟನೆಯ ಇಯತ್ತೆ, ಅಪ್ಪನದೇ ಶಾಲೆ. ತುಳಸಿಯ ಎಲೆಯೊಂದನ್ನು ಕೈಗಿಟ್ಟು, ಯಾರ ಮುಂದೂ ಹೇಳುವುದಿಲ್ಲವೆಂದು ಆಣೆ ಮಾಡಿಸಿ, ಮಗುವಿನ ಮುಷ್ಟಿಗೆ ಚಿಲ್ಲರೆ ಹಾಕಿದಳು. ಹುಡುಗಿ ಹೋದಷ್ಟೇ ಬೇಗ ಬರಿಗೈಯಲ್ಲಿ ಬಂದಳು, ಜಂಬವ್ವ ಕೊಡಲಿಲ್ಲವಂತೆ. ಭೀಮಾಬಾಯಿ ಗೋಡೆಯ ಸಂದಿಗೆ ಬಂದು ನಿಂತು ಮೆಲ್ಲಗೆ ಕೂಗಿದಳು. ಜಂಬವ್ವ ಸೆರಗು ತಲೆಗೆಳೆದುಕೊಂಡು ಓಡಿ ಬಂದಳು.

"ಅಮ್ಮಾರ, ಸಣ್ಣ ಹುಡುಗೀನ ಕಳಸಬ್ಯಾಡ್ರಿ. ಸಾಲಿ ಡ್ರೆಸ್ಸಿನಾಗ ಬರ್ತಾಳ. ಯಾರರ ನೋಡಿದ್ರ ನನ್ನ ಡಬ್ಬಾನ ಎತ್ತಿ ಒಯ್ತಾರ."

"ಇದೇನು ತಂಬಾಕೇನವಾ? ನಶ್ಯ, ಮೂಗಿನ ಔಷಧ. ಯಾರರ ಕೇಳಿದ್ರ ನನ್ನ ಹೆಸರು ಹೇಳು. ನಾ ಬಂದು ಹೇಳ್ತೀನಿ."

"ನೀವು ಹೇಳ್ತೀನಂದ್ರ ಆತ್ರಿ," ಎಂದಳು ಜಂಬವ್ವ. ಆಮೇಲೆ ಹುಡುಗಿ ಬಂದಾಗೆಲ್ಲ ಪೊಟ್ಟಣ ಕೊಡುತ್ತ ಬಂದಳು.

ಕಾರ್ತೀಕ ಹಿಡಿದು ಮೂರನೆಯ ದಿನ ಹೆಲ್ತ್ ಇನ್‌ಸ್ಪೆಕ್ಟರ್ ಆಂಜಿನಯ್ಯ ಇಬ್ಬರು ಪೊಲೀಸರೊಡನೆ ಬಂದ. ಕರೆಸಿದ್ದು ಪ್ರಭಂಜನನೇ. ಡಬ್ಬಾ ಗಡಿಯಾಚೆ ಇದೆಯೋ ಇಲ್ಲವೋ ನೋಡಿ ಹೋಗಲೆಂದು. ಪ್ರಭಂಜನನೆದುರೇ ಟೇಪು ಹಿಡಿದು ಅಳೆದರು. ಹನ್ನೊಂದು ಗಜ ಹೆಚ್ಚೇ ಬಂತು. ಜಂಬವ್ವನ ಮುಖ ಅರಳಿತು. ಅದೇ ಗಳಿಗೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಬಂದಿದ್ದ ಅಪೇಕ್ಷಾ ಅಜ್ಜಿ ಕಳಿಸಿದಂತೆ ಹಿತ್ತಲ ಬಾಗಿಲಿನಿಂದ ಹೊರಬಂದು ಡಬ್ಬಾದ ಆ ಮಗ್ಗುಲಿಗೆ ಕೈಚಾಚಿ ನಿಂತಿದ್ದಳು. ಜಂಬವ್ವನ ಗಂಡ ಕೊಟ್ಟುಬಿಟ್ಟಿದ್ದ. ಮೂರು ಪೊಟ್ಟಣ. ಈಚೆಯಿಂದ ಸುತ್ತಿ ಬಂದ ಆಂಜಿನಯ್ಯ ಮಗುವಿನ ಅಂಗೈ ಬಿಡಿಸಿ ನೋಡಿದ.

ಅಲ್ಲಿ ನಡೆದದ್ದನ್ನು ಭೀಮಾಬಾಯಿ ಗೋಡೆಯ ಈಚೆ ನಿಂತು ಕೇಳಿದಳು. ಜಂಬವ್ವ ಅದು ಅಮ್ಮಾರಿಗೆಂದು ಹೇಳಿದಳು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಅದನ್ನು ಮುಟ್ಟಿಲ್ಲ ಎಂದು ಪ್ರಭಂಜನ ಗದರಿದ. ತನ್ನ ಅಪ್ಪನ ಡಬ್ಬಿ ಅವನಿಗೆ ಮರೆತಿತ್ತೋ, ಅದು ಲೆಕ್ಕಕ್ಕೇ ಇರಲಿಲ್ಲವೋ. ಮಗಳನ್ನು ಕೇಳಿದ. ಹುಡುಗಿ ಬಾಯಿ ಬಿಡಲಿಲ್ಲ. ನಾಲ್ಕು ಸಲ ಕೇಳಿದ, ಐದನೆಯ ಸಲ ಕೆನ್ನೆಗೆ ಹೊಡೆದ. ಆ ಸದ್ದೂ ಗೋಡೆಯ ಈಚೆಗೆ ಬಂತು. ಜಂಬವ್ವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಮಗನ ಹೆಜ್ಜೆ ಕೇಳಿ ಭೀಮಾಬಾಯಿ ದೇವರ ಮನೆ ಹೊಕ್ಕು ಮಣೆಯ ಮೇಲೆ ಕುಳಿತಳು. ಅವನು ಹೊಸ್ತಿಲಾಚೆ ನಿಂತ.

"ಅಮ್ಮ, ಆ ಜಂಬವ್ವ ನಿನ್ನ ಹೆಸರು ಹೇಳ್ಯಾಳ. ನಶ್ಯ ನಿನಗಂತ. ಇಂಥಾದ್ದು ನಿನಗ ಕೇಳಬಾರದು. ಆದ್ರೂ ಕೇಳೋ ಹಂಗಾಗ್ಯದ."

ಭೀಮಾಬಾಯಿಯ ಕಣ್ಣು ಮುಚ್ಚಿತ್ತು, ಕೈಯಲ್ಲಿ ಜಪಮಾಲೆ ಇತ್ತು. ಆ ಮನೆಯಲ್ಲಿ ಜಪಕ್ಕೆ ಕುಳಿತವರನ್ನು ಮಾತಾಡಿಸುವ ರೂಢಿಯಿಲ್ಲ. ಮಾತಾಡಿಸಿದರೂ ಉತ್ತರ ಬರುವುದಿಲ್ಲ. ಮಣಿ ಒಂದೊಂದೇ ಜಾರುತ್ತಿದ್ದವು. ಪ್ರಭಂಜನ ಸ್ವಲ್ಪ ಹೊತ್ತು ನಿಂತಿದ್ದು, ತಪ್ಪಾಯ್ತಮ್ಮ ಎಂದು ಗಲ್ಲ ಬಡಿದುಕೊಂಡು ಹಿಂದೆ ಸರಿದ. ತಾಯಿಗೆ ಸಿಟ್ಟು ಬಂದಿದೆ, ಇಂಥ ಪ್ರಶ್ನೆಗೆ ಬರಬೇಕಾದ್ದೇ ಎಂದು ಅವನಿಗೆ ಖಾತ್ರಿಯಾಯಿತು. ಶಾಲೆಗೆ ಹೋಗಿ ಮುನಿಸಿಪಾಲಿಟಿಗೆ ಕಾಗದ ಬರೆದ: ಈ ಹೆಂಗಸು ವಿದ್ಯಾರ್ಥಿಗಳಿಗೆ ಚಟ ಹತ್ತಿಸುತ್ತಿದ್ದಾಳೆ, ಹಿಡಿದಾಗ ಗೌರವಸ್ಥ ಹಿರಿಯರ ಹೆಸರು ಕೆಡಿಸುತ್ತಾಳೆ, ಇವಳಿಗೆ ಈ ಓಣಿಯಲ್ಲಿ ಜಾಗ ಕೊಡಕೂಡದು. ಮರುದಿನ ಟ್ರ್ಯಾಕ್ಟರು ಬಂದು ಡಬ್ಬಾ ಎಳೆದುಕೊಂಡು ಹೋಯಿತು. ಗೋಡೆಯಾಚೆ ನಾಲ್ಕು ಕಲ್ಲು ಮಾತ್ರ ಉಳಿದವು.

ಅದು ದ್ವಿದಳ ವ್ರತದ ತಿಂಗಳು. ಬೇಳೆ ಮುಟ್ಟುವಂತಿಲ್ಲ. ಸೊಸೆ ಮಾಧವಿ ದಿನಾ ಮೆಣಸು ಜೀರಿಗೆಯ ಸಾರು, ಬಾಳೆಕಾಯಿ ಪಲ್ಯ ಮಾಡಿ ಬಡಿಸುತ್ತಿದ್ದಳು. ಭೀಮಾಬಾಯಿಗೆ ಊಟ ಸೇರದಾಯಿತು. ನಶ್ಯವಿಲ್ಲದೆ ತಲೆ ಸಿಡಿಯುತ್ತಿತ್ತು, ಮೂಗು ಸೋರುತ್ತಿತ್ತು, ಸಣ್ಣದಕ್ಕೆಲ್ಲ ಸಿಟ್ಟು. ಸಾರಿಗೆ ಉಪ್ಪಿಲ್ಲವೆಂದಳು, ಮರುದಿನ ಉಪ್ಪೇ ಉಪ್ಪೆಂದಳು. ಅಮ್ಮ ಈ ವಯಸ್ಸಿನಲ್ಲಿ ವ್ರತ ಕಠಿಣ ಮಾಡುತ್ತಿದ್ದಾಳೆಂದು ಪ್ರಭಂಜನ ಮರುಗಿದ.

ಅಪೇಕ್ಷಾ ಅಜ್ಜಿಯ ಪಕ್ಕ ಊಟಕ್ಕೆ ಕೂರುವುದು ಬಿಟ್ಟಳು. ಸಂಜೆಯ ಹಾಡಿಗೂ ಬರಲಿಲ್ಲ. ಹೆಡ್‌ಮಾಸ್ತರನ ಮಗಳೆಂದು ಬಿಟ್ಟರೆ ಉಳಿದವರಿಗೆ ಬುದ್ಧಿ ಬಂದೀತೇ ಎಂದು ಅಪ್ಪ ಅವಳನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯೆದುರು ನಿಲ್ಲಿಸಿದ್ದ. ಹುಡುಗರು ಹಿಂದಿನಿಂದ ಸೀನಿದಂತೆ ಮಾಡುತ್ತಿದ್ದರಂತೆ. ಯಾರಿಗಾಗಿ ತಂದದ್ದು ಹೇಳು, ಇಲ್ಲದಿದ್ದರೆ ನೀನೇ ಏರಿಸುತ್ತೀ ಎಂದು ಬರೆದುಕೊಡು ಎಂದು ಅಪ್ಪ ಕೇಳಿದಾಗ ಅವಳು ಎರಡನ್ನೂ ಮಾಡಲಿಲ್ಲ. ಆಣೆ ಮುರಿದರೆ ಅಜ್ಜಿಗೆ ಕೇಡು ತಟ್ಟುತ್ತದೆಂದು ಅವಳ ತಿಳುವಳಿಕೆ. ಅದನ್ನು ಕಲಿಸಿದವಳೂ ಅಜ್ಜಿಯೇ. ಒಂದು ಮಧ್ಯಾಹ್ನ ಭೀಮಾಬಾಯಿ ಅವಳ ತಲೆ ನೇವರಿಸಹೋದಳು. ಹುಡುಗಿ ತಲೆ ತಗ್ಗಿಸಿ ಕೈಯ ಕೆಳಗಿನಿಂದ ನುಸುಳಿ ಹೋದಳು.

ಉತ್ಥಾನ ದ್ವಾದಶಿಗೆ ಎರಡು ದಿನ ಮುಂಚೆ ಭೀಮಾಬಾಯಿ ಸೊಸೆಯನ್ನು ಹತ್ತಿರ ಕರೆದು, ಪೇಟೆಗೆ ಹೋದಾಗ ಮೂಗಿನದು ಯಾವುದಾದರೂ ಔಷಧ ಸಿಕ್ಕರೆ ತಾ ಎಂದಳು. ಮಾಧವಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಯಾವ ಔಷಧ ಅತ್ಯಾರ? ನಶ್ಯ ಏನು?"

ಭೀಮಾಬಾಯಿ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡಳು.

"ಮಡಿಸೀರಿ ನೀವ ಹಿಂಡಿಕೋತೀರಿ, ಖರೆ. ಮೈಲಿಗಿ ಸೀರಿ ಒಗಿಯೋಕಿ ನಾನು. ಸೆರಗಿನ ತುದೀಗಿನ ಕಂದು ಕಲೆ ಹನ್ನೆರಡು ವರ್ಷದಿಂದ ತಿಕ್ಕೀನಿ."

"ಗೊತ್ತಿದ್ದೂ ನಿನ್ನ ಗಂಡಗ ಹೇಳ್ಲಿಲ್ಲ?"

"ನಾ ಹೇಳಿದ್ರ ಸೊಸಿ ಚಾಡಿ ಅಂತಾರ. ಹೇಳೋರು ಹೇಳ್ಲಿ ಅಂತ ಕೂತೆ." ಮಾಧವಿಯ ದನಿ ಏರಲಿಲ್ಲ, ಅಕ್ಕಿಯನ್ನೇ ನೋಡುತ್ತ ಮಾತಾಡಿದಳು. "ಒಂದು ತೊಗರಿಬ್ಯಾಳಿ ಕಾಳು ಬಿತ್ತಂದ್ರ ಇಡೀ ಅಡಿಗಿ ಚೆಲ್ಲಸ್ತೀರಿ. ನನ್ನ ಕೂಸು ಮುನ್ನೂರು ಹುಡುಗರ ಮುಂದ ನಿಂತು ಬಂತು. ಅವತ್ತು ನೀವು ಊಟಕ್ಕ ಎದ್ದು ಬಂದ್ರಿ. ನಾನೂ ಬಡಸಿದೆ. ನನಗೂ ನಾಚಿಕಿ ಇಲ್ಲ."

ಆಮೇಲೆ ಮೊರ ಎತ್ತಿಕೊಂಡು ಮತ್ತೆ ಆರಿಸತೊಡಗಿದಳು. ಜಂಬವ್ವ ಈಗ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಕಲ್ಲು ಆರಿಸಲು ಹೋಗುತ್ತಾಳೆಂದು, ಸಂಜೆ ಬರುವಾಗ ಗುರುತೇ ಸಿಗದಂತೆ ಕೆಂಪಾಗಿರುತ್ತಾಳೆಂದು ಅವಳೇ ಹೇಳಿದಳು. ಸಂಜೆಯ ಹಾಡಿಗೆ ಬಂದ ಹೆಂಗಸರು ಅಮ್ಮನವರ ಕಂಠ ಇವತ್ತು ಯಾಕೋ ಮೇಲೇಳಲಿಲ್ಲ ಎಂದುಕೊಂಡು ಹೋದರು. ಮರುದಿನ ಭೀಮಾಬಾಯಿ ಮಗನೆದುರು ಎರಡು ಸಲ ಹೋಗಿ ನಿಂತಳು. ಒಂದು ಸಲ ಅವನು ಪೇಪರು ಓದುತ್ತಿದ್ದ, ಇನ್ನೊಂದು ಸಲ ಏನಮ್ಮ ಎಂದು ಕೇಳಿದ. ತುಳಸಿಗೆ ನೆಲ್ಲಿಕೊಂಬೆ ತರಬೇಕಿತ್ತು ಎಂದು ಹೇಳಿ ಒಳಗೆ ಬಂದಳು.

ಕಾರ್ತೀಕ ಮುಗಿಯುವ ಹೊತ್ತಿಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಆಂಜಿನಯ್ಯ ಮನೆಗೇ ಬಂದ. ಅವನ ತಾಯಿಯೂ ಈ ಪಡಸಾಲೆಯಲ್ಲಿ ಹಾಡಿದವಳು. ಬರುತ್ತಲೇ ದೇವರ ಮನೆಯ ಕಡೆ ಕೈಮುಗಿದು ಕುರ್ಚಿಯ ತುದಿಯಲ್ಲಿ ಕುಳಿತ. ಮಾಧವಿ ಕಾಫಿ ತಂದಳು. ಸೋಮವಾರ ಮುನಿಸಿಪಾಲಿಟಿಯಲ್ಲಿ ಜಂಬವ್ವನ ಜಾಗ ರದ್ದಾಗುವುದಿದೆ, ಹೆಡ್‌ಮಾಸ್ತರರ ಹೇಳಿಕೆಗೆ ಸಹಿಯೊಂದು ಬೇಕು ಎಂದ. ಜಪ್ತಿ ಮಾಡಿದ ಪೊಟ್ಟಣಗಳನ್ನೂ ತಂದಿದ್ದ. ಇವೇ ಅವು ಎಂದು ಸಾಕ್ಷಿ ಗುರುತಿಸಬೇಕಂತೆ. ಕವರಿನಿಂದ ತೆಗೆದು ಟೀಪಾಯಿಯ ಮೇಲಿಟ್ಟ. ಪ್ರಭಂಜನ ಪೆನ್ನಿನ ಮುಚ್ಚಳ ತೆಗೆದ.

ಭೀಮಾಬಾಯಿ ಮಡಿಯಲ್ಲಿದ್ದಳು. ಹೊರಗಿನವರು ಕುಳಿತ ಪಡಸಾಲೆಗೆ ಮಡಿಯಲ್ಲಿ ಬಂದವಳಲ್ಲ. ಒದ್ದೆ ಸೀರೆಯಲ್ಲೇ ಹೊಸ್ತಿಲು ದಾಟಿ ಬಂದು ಟೀಪಾಯಿಯ ಬದಿಗೆ ನಿಂತಳು. ಆಂಜಿನಯ್ಯ ದಡಬಡಿಸಿ ಎದ್ದ.

"ಸಹಿ ಮಾಡಬ್ಯಾಡ," ಎಂದಳು ಮಗನಿಗೆ. "ಆ ನಶ್ಯ ನಂದು. ಕೂಸಿನ್ನ ಕಳಿಸಿದಾಕಿ ನಾನು."

ಆಂಜಿನಯ್ಯ ಎರಡೂ ಕೈ ಜೋಡಿಸಿದ.

"ನೋಡ್ರಿ ಸರ್, ಹಿರೇರಂದ್ರ ಹಿಂಗ ಇರಬೇಕು. ಒಬ್ಬ ಬಡವಿ ಹೊಟ್ಟಿ ತುಂಬ್ಲಿ ಅಂತ ಕಳಂಕ ತಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದಾರ."

ಪ್ರಭಂಜನನ ಕಣ್ಣು ತೇವವಾಗಿದ್ದವು. "ಅಮ್ಮ, ನಿನ್ನ ಮನಸು ನನಗ ಗೊತ್ತಿಲ್ಲೇನು? ಕಾನೂನಿನ ಕೆಲಸಕ್ಕ ಕರುಣಾ ನಡಿಯೂದಿಲ್ಲ. ನೀ ಒಳಗ ನಡಿ."

ಒಳಗೆ ನಡೆಯಬಹುದಿತ್ತು. ಹೇಳಿದ್ದೂ ಆಗಿತ್ತು, ಹೆಸರೂ ಉಳಿದಿತ್ತು. ಅವರಿಬ್ಬರ ಮುಖದಲ್ಲಿದ್ದ ಭಕ್ತಿಯನ್ನು ನೋಡುತ್ತ ಭೀಮಾಬಾಯಿ ಎರಡು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತಳು. ಅಷ್ಟು ಹೊತ್ತು ನಿಂತದ್ದಕ್ಕೆ ಆಮೇಲೆ ಬಹಳ ದಿನ ನಾಚಿದಳು. ಅಡುಗೆಮನೆಯ ಬಾಗಿಲಲ್ಲಿ ಮಾಧವಿ ಇದ್ದಳು, ಅವಳ ಹಿಂದೆ ಅಪೇಕ್ಷಾ.

ಭೀಮಾಬಾಯಿ ಬಗ್ಗಿ ಒಂದು ಪೊಟ್ಟಣ ಎತ್ತಿಕೊಂಡಳು. ಹಲ್ಲಿನಿಂದ ತುದಿ ಹರಿದು ಎಡ ಅಂಗೈಗೆ ತಟ್ಟಿದಳು. ಹೆಬ್ಬೆರಳು ತೋರುಬೆರಳಿನಲ್ಲಿ ಚಿಟಿಕೆ ತುಂಬಿ, ಬೆರಳು ಒಮ್ಮೆ ಕೊಡವಿ ಹೆಚ್ಚಿನದನ್ನು ಉದುರಿಸಿ, ಒಂದು ಹೊಳ್ಳೆಗೆ ಎಳೆದಳು, ಮತ್ತೆ ಇನ್ನೊಂದಕ್ಕೆ. ಸೀನು ಬರಲಿಲ್ಲ. ಮೂರಡಿ ದೂರದಲ್ಲಿ ನಿಂತಿದ್ದ ಆಂಜಿನಯ್ಯನಿಗೇ ಘಾಟು ಹತ್ತಿ ಒಂದರ ಮೇಲೊಂದು ಎರಡು ಸೀನು ಬಂದವು. ಭೀಮಾಬಾಯಿ ಮಡಿಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಂದು ಕಲೆ ಎಲ್ಲರಿಗೂ ಕಾಣುವಂತೆ ಉಳಿಯಿತು.

ಪ್ರಭಂಜನ ಪೆನ್ನಿನ ಮುಚ್ಚಳ ಹಾಕಲು ಹೋದ, ಕೂಡಲಿಲ್ಲ.

"ಅವತ್ತು ನಾ ಕೇಳ್ದಾಗ ನೀ ಜಪದಾಗ ಇದ್ದಿ."

"ಇರ್ಲಿಲ್ಲ. ನಿನ್ನ ಹೆಜ್ಜಿ ಕೇಳಿ ಮಾಲಿ ಹಿಡದೆ."

"ನಾನು ಅಪೇಕ್ಷಾನ್ನ..." ಎಂದವನು ಮುಂದೆ ಹೇಳಲಿಲ್ಲ. ಬಾಗಿಲ ಕಡೆ ನೋಡಿದ. ಅಲ್ಲಿ ಮಾಧವಿ ಒಬ್ಬಳೇ ಇದ್ದಳು. ಹುಡುಗಿ ಹಿತ್ತಲಿಗೆ ಓಡಿದ್ದಳು.

ಆಂಜಿನಯ್ಯ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಯಾರನ್ನೂ ನೋಡದೆ, ಕಾನೂನು ಹೇಳಿದ. ಅಜ್ಜಿ ಕಳಿಸಲಿ, ಯಾರೇ ಕಳಿಸಲಿ, ಮಗುವಿನ ಕೈಗೆ ಕೊಟ್ಟದ್ದು ತಪ್ಪೇ. ಇನ್ನೂರು ರೂಪಾಯಿ ದಂಡ ತಪ್ಪದು. ಆದರೆ ಮಕ್ಕಳಿಗೆ ಚಟ ಹತ್ತಿಸುತ್ತಾಳೆಂದು ಬರೆದದ್ದು ತಾವು, ಅದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳಬೇಕು ಸರ್ ಎಂದ. ಯಾಕೆ ತೆಗೆದುಕೊಳ್ಳುತ್ತೀರೆಂದು ಕಾರಣ ಕೇಳುತ್ತಾರೆ ಎಂದೂ ಹೇಳಿದ. ಪ್ರಭಂಜನ ಹಾಳೆ ತಂದು ಕುಳಿತ. ಮಾಹಿತಿಯ ಕೊರತೆಯಿಂದ ಎಂದು ಶುರುಮಾಡಿದ. ಭೀಮಾಬಾಯಿ ಓದಿಸಿ ಕೇಳಿ, ಅದು ಬೇಡವೆಂದಳು. ಕಾರಣ ಇದ್ದದ್ದು ಇದ್ದಂತೆ, ತನ್ನ ಹೆಸರು ಹಾಕಿ ಬರೆಯಿಸಿದಳು. ಬರೆಯುವಾಗ ಮಗನ ಕಿವಿ ಕೆಂಪಾಗಿತ್ತು. ಒಂದು ಪ್ರತಿ ಮುನಿಸಿಪಾಲಿಟಿಗೆ. ಸೋಮವಾರದ ಪ್ರಾರ್ಥನೆಯಲ್ಲಿ ಅವನು ಅದನ್ನೇ ಶಾಲೆಯೆದುರು ಓದಿ, ಮಗಳ ಹೆಸರು ಹಿಡಿದು ತಪ್ಪೊಪ್ಪಿಕೊಂಡನೆಂದು ಮಾಧವಿಯಿಂದ ತಿಳಿಯಿತು. ಮನೆಗೆ ಬಂದು ಅವನು ತಾಯಿಯೊಡನೆ ಆ ಮಾತು ಎತ್ತಲಿಲ್ಲ. ಬಹಳ ದಿನ ಯಾವ ಮಾತೂ ಎತ್ತಲಿಲ್ಲ. ಸಂಜೆಯ ಹಾಡಿಗೆ ಹನ್ನೆರಡು ಮಂದಿ ಬರುತ್ತಿದ್ದಲ್ಲಿ ನಾಲ್ಕು ಮಂದಿ ಬಂದರು. ಅಪೇಕ್ಷಾ ಊಟಕ್ಕೆ ಅಜ್ಜಿಯ ಸಾಲಿನಲ್ಲಿ ಕುಳಿತಳು, ನಡುವೆ ಒಂದು ಎಲೆಯಷ್ಟು ಜಾಗ ಬಿಟ್ಟು.

ಮಾರ್ಗಶಿರದಲ್ಲಿ ಡಬ್ಬಾ ಬಂತು. ಮುನಿಸಿಪಾಲಿಟಿಯ ಯಾರ್ಡಿನಲ್ಲಿ ಬಿದ್ದು ಒಂದು ಬಾಗಿಲು ಸೊಟ್ಟಗಾಗಿತ್ತು. ಆ ನಾಲ್ಕು ಕಲ್ಲುಗಳ ಮೇಲೆಯೇ ಕೂಡಿಸಿದರು. ಬೆಳಿಗ್ಗೆ ಹತ್ತು ಗಂಟೆಗೆ, ಲಾರಿಗಳು ಸಾಲುಗಟ್ಟಿ ನಿಂತ ಹೊತ್ತಿನಲ್ಲಿ, ಭೀಮಾಬಾಯಿ ಮುಂಬಾಗಿಲಿನಿಂದ ಹೊರಟು ಓಣಿ ಸುತ್ತಿ ಅಲ್ಲಿಗೆ ಹೋದಳು. ಡ್ರೈವರುಗಳು ದಾರಿ ಬಿಟ್ಟರು. ಜಂಬವ್ವನ ಉಗುರಿನ ಸಂದಿಯಲ್ಲಿ ಅದಿರಿನ ಕೆಂಪು ಇನ್ನೂ ಹೋಗಿರಲಿಲ್ಲ. ಅವಳು ಎದ್ದು ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು.

"ಕುಂದ್ರಿ ಅಮ್ಮಾರ."

"ತಪ್ಪು ನಂದು ಜಂಬವ್ವಾ. ಬರ್ತೀನಿ ಅಂದಿದ್ದೆ. ಬರ್ಲಿಲ್ಲ."

"ಆತು ಬಿಡ್ರಿ. ದಂಡ ಕಟ್ಟೀವಿ, ಡಬ್ಬಾ ಬಂದೈತಿ." ಒಬ್ಬ ಡ್ರೈವರನಿಗೆ ಬೆಂಕಿಪೊಟ್ಟಣ ಕೊಟ್ಟು ಚಿಲ್ಲರೆ ಎಣಿಸಿ ಹಾಕಿದಳು. ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಅವತ್ತು ಸ್ಟೇಷನ್ನಾಗ ಬೆಂಚಿನ ಮ್ಯಾಲ ಕುಂದ್ರಿಸಿದ್ರು. ಒಬ್ಬ ಪೊಲೀಸಪ್ಪ ಪಾಪ ಚಾ ತಂದುಕೊಟ್ಟ. ಕುಡೀಲಿಲ್ರಿ ನಾನು. ಕೈಯಾಗ ಲೋಟ ಹಿಡ್ಕೊಂಡಿದ್ದಾಗ ನೀವು ಬಂದ್ರ, ಹೆಂಗ ಎದ್ದು ನಿಮಗ ಕೈ ಮುಗೀಲಿ ಅಂತ. ಸಂಜಿತನ ಬಾಗಲಾನ ನೋಡ್ಕೋತ ಕುಂತಿದ್ದೆ."

ಹೇಳಿದವಳ ದನಿಯಲ್ಲಿ ದೂರು ಇರಲಿಲ್ಲ. ಲಾರಿಯೊಂದು ಹೊರಟು ಧೂಳೆದ್ದಿತು. ಅವಳು ಪೆಪ್ಪರಮೆಂಟಿನ ಬಾಟಲಿಗಳ ಬಾಯಿ ಮುಚ್ಚತೊಡಗಿದಳು. ಭೀಮಾಬಾಯಿಗೆ ಆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಮನೆಗೆ ತಿರುಗಿ ಹೋಗಲು ಕಾಲೂ ಬರಲಿಲ್ಲ.